ಸರಪಣಿ ಗರಗಸದ ಹಲ್ಲು

೨೦೧೦ರ ದಶಕದ ಬರಗಾಲದ ವರ್ಷಗಳಲ್ಲಿ ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಪ್ರಯಾಣ ಮಾಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ರಸ್ತೆಯ ಎರಡು ಬದಿಗಳಲ್ಲಿಯೂ ತೆಂಗಿನ ತೋಟಗಳು. ಸಾಲುಸಾಲಾಗಿ ನೆಟ್ಟ ಮರಗಳು. ಆದರೆ ಅವುಗಳಲ್ಲಿ ಎಷ್ಟೋ ಮರಗಳಿಗೆ ತಲೆಯೇ ಇಲ್ಲ. ಗರಿಗಳು ಒಣಗಿ ಜೋತುಬಿದ್ದು, ಸುಳಿ ಸತ್ತು, ಕಡೆಗೆ ಬರಿಯ ಕಂಬಗಳು ಮಾತ್ರ ಉಳಿದಿದ್ದವು. ಕೊಳವೆ ಬಾವಿಗಳು ಒಂದೊಂದಾಗಿ ಬತ್ತಿದ್ದವು. ಹೊಳಲ್ಕೆರೆಯ ಅಡಿಕೆ ತೋಟಗಳಿಗೆ ಟ್ಯಾಂಕರುಗಳಲ್ಲಿ ನೀರು ತಂದು ಎರೆದವರುಂಟು. ಹಿರಿಯರು ಮಾರಿಕಣಿವೆಯೆಂದೇ ಕರೆಯುವ ವಾಣಿವಿಲಾಸ ಸಾಗರವು ೧೯೦೭ರಲ್ಲಿ ಕಟ್ಟಿ ಮುಗಿದ ಜಲಾಶಯ. ಅದು ೧೯೩೩ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಹಾಗೆ ಹರಿದುದು ೨೦೨೨ರಲ್ಲಿ. ನಡುವಣ ೮೯ ವರ್ಷಗಳನ್ನು ಎಣಿಸಿದರೆ ಈ ನಾಡಿನಲ್ಲಿ ನೀರು ಎಷ್ಟು ಅಪರೂಪದ ವಸ್ತುವೆಂಬುದು ತಿಳಿಯುತ್ತದೆ.

ಸತ್ತ ತೆಂಗನ್ನು ನಿಂತಲ್ಲಿಯೇ ಬಿಡುವಂತಿಲ್ಲ. ಗಾಳಿಗೆ ಯಾವಾಗ ಬೀಳುವುದೋ ಹೇಳಲಾಗದು ಎಂಬುದೊಂದು. ಅದಕ್ಕಿಂತ ದೊಡ್ಡ ಕಾರಣ ಮತ್ತೊಂದಿದೆ. ತಲೆಯ ಮೇಲೆ ಕೊಂಬಿರುವ ಕರಿಯ ದುಂಬಿಯೊಂದುಂಟು. ರೈನೋಸಿರಸ್ ದುಂಬಿಯೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಅದು ಬದುಕಿರುವ ತೆಂಗಿನ ಸುಳಿಯನ್ನು ಕೊರೆದು ತಿನ್ನುತ್ತದೆ. ಮೊಟ್ಟೆಯಿಡುವುದು ಮಾತ್ರ ತಿಪ್ಪೆಯಲ್ಲಿ, ಕೊಳೆಯುತ್ತಿರುವ ತೆಂಗಿನ ಕಾಂಡದಲ್ಲಿ. ಹೀಗಾಗಿ ಸತ್ತ ಮರವು ಉಳಿದ ಮರಗಳಿಗೂ ಶತ್ರುವಾಗುತ್ತದೆ. ಅದನ್ನು ಕೊಯ್ದು ಸಾಗಿಸಲೇಬೇಕು.

ಹಿಂದೆ ಈ ಕೆಲಸಕ್ಕೆ ಕೊಡಲಿ ಇತ್ತು, ಇಬ್ಬರು ಎದುರುಬದುರಾಗಿ ಎಳೆಯುವ ಗರಗಸವಿತ್ತು. ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿಯೂ ಪೆಟ್ರೋಲಿನಿಂದ ಓಡುವ ಸರಪಣಿ ಗರಗಸದ, ಎಂದರೆ ಚೈನ್ ಸಾ ಯಂತ್ರದ, ಸದ್ದು ಕೇಳಿಬರುತ್ತದೆ. ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಎಂಜಿನ್ನು ಎಷ್ಟು ಸಿ.ಸಿ.? ಉದ್ದ ಎಷ್ಟು ಅಂಗುಲ? ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಬಾರ್‌ನ ಮೇಲೆ ಓಡುವ ಸರಪಣಿ ಯಾವ ಜಾತಿಯದು? ಮರವನ್ನು ಮುಟ್ಟುವುದು ಎಂಜಿನ್ನಲ್ಲ, ಸರಪಣಿಯ ಹಲ್ಲು. ಆ ಹಲ್ಲನ್ನು ಮರಕ್ಕೂ ಮಣ್ಣಿಗೂ ಹೊಂದುವಂತೆ ಆರಿಸದಿದ್ದರೆ ಎಷ್ಟು ದೊಡ್ಡ ಯಂತ್ರವಿದ್ದರೂ ಪೆಟ್ರೋಲು ವ್ಯರ್ಥ, ರಟ್ಟೆ ವ್ಯರ್ಥ; ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ. ಆದುದರಿಂದ ಮಧ್ಯಮ ಗಾತ್ರದ, ಎಂದರೆ ಸುಮಾರು ೪೫ರಿಂದ ೬೦ ಸಿ.ಸಿ. ಎಂಜಿನ್ನಿನ ಯಂತ್ರಗಳನ್ನು ಗಮನದಲ್ಲಿಟ್ಟುಕೊಂಡು ಈ ಆಯ್ಕೆಯ ಹಿಂದಿರುವ ತತ್ತ್ವವನ್ನು ವಿಚಾರಿಸೋಣ.

ಹುಳು ಕಲಿಸಿದ ಪಾಠ

ಸರಪಣಿಗೆ ಹಲ್ಲು ಕಟ್ಟಿ ಮರ ಕೊಯ್ಯುವ ಯೋಚನೆ ಹಳೆಯದು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಣಿ ಗರಗಸವನ್ನೂ ೧೯೨೯ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ರೂಪಿಸಿದ. ಅವುಗಳನ್ನು ಎತ್ತಲು ಇಬ್ಬರು ಬೇಕಾಗಿತ್ತು. ಆ ಕಾಲದ ಸರಪಣಿಗಳ ಹಲ್ಲುಗಳು ಕೈಗರಗಸದ ಹಲ್ಲುಗಳನ್ನೇ ಹೋಲುತ್ತಿದ್ದವು. ಅವು ಮರವನ್ನು ಗೀಚಿ ಹುಡಿಮಾಡುತ್ತಿದ್ದವೇ ಹೊರತು ಚೆನ್ನಾಗಿ ಕತ್ತರಿಸುತ್ತಿರಲಿಲ್ಲ, ಬೇಗನೆ ಮೊಂಡಾಗುತ್ತಿದ್ದವು, ಮಸೆಯುವುದೂ ಕಷ್ಟವಾಗಿತ್ತು.

ಇದಕ್ಕೆ ಪರಿಹಾರ ದೊರೆತುದು ಒಂದು ಹುಳುವಿನಿಂದ. ಅಮೆರಿಕದ ಆರಿಗನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಮರ ಕಡಿಯುವ ಕೆಲಸದಲ್ಲಿದ್ದ. ೧೯೪೬ರಲ್ಲಿ ಒಂದು ದಿನ ಅವನು ಮರದ ಬುಡವೊಂದರಲ್ಲಿ ಮರಕೊರಕ ದುಂಬಿಯ ಮರಿಹುಳುವನ್ನು ಕಂಡ. ತೋರುಬೆರಳಿನಷ್ಟು ಗಾತ್ರದ ಆ ಹುಳು ಮರದ ಎಳೆಯುದ್ದಕ್ಕೂ ಎಳೆಗೆ ಅಡ್ಡವಾಗಿಯೂ ಒಂದೇ ಬಗೆಯಾಗಿ ಕೊರೆದುಕೊಂಡು ಹೋಗುತ್ತಿತ್ತು. ಕಾಕ್ಸ್ ಅದರ ಬಾಯನ್ನು ಪರೀಕ್ಷಿಸಿದ. ಬಾಗಿದ ಎರಡು ದವಡೆಗಳು; ಒಂದು ಎಡಕ್ಕೆ ಕತ್ತರಿಸುತ್ತದೆ, ಇನ್ನೊಂದು ಬಲಕ್ಕೆ. ಅದೇ ಆಕಾರವನ್ನು ಅವನು ಉಕ್ಕಿನಲ್ಲಿ ಮೂಡಿಸಿದ. ೧೯೪೭ರಲ್ಲಿ ಅಂಥ ಸರಪಣಿಗಳನ್ನು ಮಾಡಿ ಮಾರಲು ತೊಡಗಿದ. ಇಂದು ಲೋಕದಲ್ಲಿ ಓಡುವ ಸರಪಣಿಗಳಲ್ಲಿ ಬಹುಪಾಲು ಆ ಮಾದರಿಯ ಸಂತತಿಯೇ. ದುಂಬಿಯೊಂದು ಬಾಧಿಸಿದ ತೋಟದಲ್ಲಿ ನಾವು ಮರ ಕೊಯ್ಯುತ್ತಿರುವುದು ಮತ್ತೊಂದು ದುಂಬಿಯ ದವಡೆಯಿಂದಲೇ!

ಸರಪಣಿಯ ಅಂಗಗಳು

ಸರಪಣಿಯನ್ನು ಬಿಚ್ಚಿ ಅಂಗೈಯ ಮೇಲೆ ಇಟ್ಟುಕೊಂಡು ನೋಡಿದರೆ ಮೂರು ಬಗೆಯ ಕೊಂಡಿಗಳು ಕಾಣುತ್ತವೆ. ಕೆಳಗೆ ಮೊನೆಯಂತೆ ಚಾಚಿಕೊಂಡಿರುವುವು ಚಾಲಕ ಕೊಂಡಿಗಳು. ಇವು ಬಾರ್‌ನ ಅಂಚಿನ ಗಾಡಿಯಲ್ಲಿ ಇಳಿದು ಓಡುತ್ತವೆ. ಎಂಜಿನ್ನಿನ ಹಲ್ಲುಗಾಲಿ ಹಿಡಿದು ಎಳೆಯುವುದು ಇವನ್ನೇ. ಮೇಲೆ ಎಡಕ್ಕೊಂದು ಬಲಕ್ಕೊಂದು ಬಾಗಿ ನಿಂತಿರುವುವು ಕೊಯ್ಯುವ ಹಲ್ಲುಗಳು. ಇವೆರಡನ್ನೂ ಬೆಸೆಯುವುವು ಬರಿಯ ಪಟ್ಟಿ ಕೊಂಡಿಗಳು. ಎಲ್ಲವನ್ನೂ ರಿವೀಟುಗಳು ಹಿಡಿದಿಟ್ಟಿವೆ.

ಪ್ರತಿಯೊಂದು ಕೊಯ್ಯುವ ಹಲ್ಲಿನ ಮುಂದೆಯೂ ಸಣ್ಣ ಗೂಟವೊಂದಿರುವುದನ್ನು ಗಮನಿಸಬೇಕು. ಇದನ್ನು ಮಿತಿಗೂಟವೆಂದು ಕರೆಯೋಣ. ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕೆಂಬುದನ್ನು ನಿರ್ಧರಿಸುವುದು ಇದೇ. ಹಲ್ಲಿನ ಅಲಗಿಗೂ ಗೂಟದ ತುದಿಗೂ ಇರುವ ಎತ್ತರದ ವ್ಯತ್ಯಾಸ ಸಾಮಾನ್ಯವಾಗಿ ಕೇವಲ ೦.೬೫ ಮಿಲಿಮೀಟರು. ಬಡಗಿಯ ಉಜ್ಜುಗೊರಡಿನಲ್ಲಿ ಅಲಗು ಎಷ್ಟು ಹೊರಗೆ ಬಂದಿದೆಯೋ ಅಷ್ಟೇ ದಪ್ಪದ ಹೊಪ್ಪಳಿಕೆ ಏಳುವುದಲ್ಲವೆ? ಇಲ್ಲಿಯೂ ಹಾಗೆಯೇ. ಸರಪಣಿಯೆಂದರೆ ಒಂದರ ಹಿಂದೊಂದು ಓಡುವ ಪುಟ್ಟ ಉಜ್ಜುಗೊರಡುಗಳ ಮೆರವಣಿಗೆ.

ಸರಪಣಿಯನ್ನು ಹೆಸರಿಸಲು ಮೂರು ಅಳತೆಗಳು ಬೇಕು. ಮೊದಲನೆಯದು ಪಿಚ್. ಸಾಲಾಗಿರುವ ಮೂರು ರಿವೀಟುಗಳ ಆದಿಯಿಂದ ಅಂತ್ಯದವರೆಗೆ ಅಳೆದು ಎರಡರಿಂದ ಭಾಗಿಸಿದರೆ ಬರುವುದೇ ಪಿಚ್. ಮಧ್ಯಮ ಯಂತ್ರಗಳಲ್ಲಿ ಬಳಕೆಯಲ್ಲಿರುವುವು ಎರಡು: ೦.೩೨೫ ಅಂಗುಲ ಮತ್ತು ೩/೮ ಅಂಗುಲ, ಎಂದರೆ ೦.೩೭೫. ಎರಡನೆಯದು ಗೇಜ್, ಅದು ಚಾಲಕ ಕೊಂಡಿಯ ದಪ್ಪ. ೧.೩, ೧.೫, ೧.೬ ಮಿಲಿಮೀಟರುಗಳು ಸಾಮಾನ್ಯ. ಮೂರನೆಯದು ಚಾಲಕ ಕೊಂಡಿಗಳ ಸಂಖ್ಯೆ.

ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಪಿಚ್ಚು ಹಲ್ಲುಗಾಲಿಯೊಡನೆಯೂ ಬಾರ್‌ನ ಮೂತಿಯಲ್ಲಿರುವ ಚಿಕ್ಕ ಗಾಲಿಯೊಡನೆಯೂ ಹೊಂದದಿದ್ದರೆ ಕೊಂಡಿಗಳು ಗಾಲಿಯ ಹಲ್ಲನ್ನು ಏರಿ ಎರಡೂ ಸವೆದುಹೋಗುತ್ತವೆ. ೧.೫ ಮಿಲಿಮೀಟರಿನ ಸರಪಣಿ ೧.೩ರ ಗಾಡಿಯಲ್ಲಿ ಇಳಿಯುವುದೇ ಇಲ್ಲ. ೧.೩ರ ಸರಪಣಿ ೧.೫ರ ಗಾಡಿಯಲ್ಲಿ ಇಳಿಯುತ್ತದೆ. ಆದರೆ ಓಲಾಡುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. ಇನ್ನು ಕೊಂಡಿಗಳ ಸಂಖ್ಯೆ. ಬಾರ್ ೧೮ ಅಂಗುಲದ್ದೆಂದ ಮಾತ್ರಕ್ಕೆ ಸಂಖ್ಯೆ ಒಂದೇ ಆಗಿರಬೇಕಾಗಿಲ್ಲ. ಒಂದು ಯಂತ್ರದಲ್ಲಿ ೬೮ ಇದ್ದರೆ ಇನ್ನೊಂದರಲ್ಲಿ ೭೨ ಇದ್ದೀತು. ಆದುದರಿಂದ ಹೊಸ ಸರಪಣಿ ತರಲು ಹೋಗುವವರು ಹಳೆಯದನ್ನು ಕೈಯಲ್ಲಿಯೇ ಒಯ್ದು, ಕೊಂಡಿಗಳನ್ನು ಎಣಿಸಿ, ಬಾರ್‌ನ ಹಿಂಭಾಗದಲ್ಲಿ ಅಚ್ಚೊತ್ತಿರುವ ಅಳತೆಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಅಂದಾಜಿನ ಮೇಲೆ ತಂದ ಸರಪಣಿಗಾಗಿ ಪೇಟೆಗೆ ಎರಡು ಸಲ ಬಸ್ಸು ಹತ್ತಬೇಕಾಗುತ್ತದೆ.

ಒಂದು ಸಣ್ಣ ಲೆಕ್ಕ

ಪಿಚ್ಚು ದೊಡ್ಡದಾದರೆ ಹಲ್ಲೂ ದೊಡ್ಡದು, ಕೊಯ್ತವೂ ಬೇಗ ಎಂಬ ಭಾವನೆ ಬಳಕೆದಾರರಲ್ಲಿ ಹರಡಿದೆ. ಇದು ಎಷ್ಟರಮಟ್ಟಿಗೆ ನಿಜ? ಲೆಕ್ಕಮಾಡಿ ನೋಡೋಣ.

ಹಲ್ಲುಗಾಲಿಯಲ್ಲಿ ೭ ಹಲ್ಲುಗಳಿವೆಯೆನ್ನಿ. ಅದು ಒಂದು ಸುತ್ತು ತಿರುಗಿದಾಗ ೭ ಚಾಲಕ ಕೊಂಡಿಗಳು ಮುಂದೆ ಸಾಗುತ್ತವೆ. ಒಂದೊಂದು ಕೊಂಡಿಯ ಪಾಲು ಪಿಚ್ಚಿನ ಎರಡರಷ್ಟು ಉದ್ದ. ಪಿಚ್ಚು ೦.೩೨೫ ಆದರೆ ಒಂದು ಸುತ್ತಿಗೆ ೪.೫೫ ಅಂಗುಲ, ಎಂದರೆ ಸುಮಾರು ೧೧೬ ಮಿಲಿಮೀಟರು. ಎಂಜಿನ್ನು ನಿಮಿಷಕ್ಕೆ ೧೦,೦೦೦ ಸುತ್ತು ತಿರುಗಿದರೆ ಸರಪಣಿಯ ವೇಗ ಸೆಕೆಂಡಿಗೆ ಸುಮಾರು ೧೯ ಮೀಟರು. ಗಂಟೆಗೆ ೬೯ ಕಿಲೋಮೀಟರು, ಹೆದ್ದಾರಿಯ ಬಸ್ಸಿನ ವೇಗ! ೭೨ ಕೊಂಡಿಗಳ ಆ ಸರಪಣಿ ಸೆಕೆಂಡಿಗೆ ೧೬ ಸಲ ಬಾರ್‌ನ್ನು ಪ್ರದಕ್ಷಿಣೆ ಹಾಕುತ್ತದೆ. ಮರದ ಒಂದು ಬಿಂದುವಿನ ಮುಂದೆ ಸೆಕೆಂಡಿಗೆ ಸುಮಾರು ೫೮೦ ಹಲ್ಲುಗಳು ಹಾದುಹೋಗುತ್ತವೆ. ಪಿಚ್ಚು ೩/೮ ಆದರೆ ವೇಗ ಸೆಕೆಂಡಿಗೆ ೨೨ ಮೀಟರಿಗೆ ಏರುತ್ತದೆ.

ವೇಗ ಹೆಚ್ಚಿತು, ಸರಿ. ಆದರೆ ಶಕ್ತಿಯೆಲ್ಲಿಂದ ಬಂತು? ಎಂಜಿನ್ನು ಅದೇ. ಮೂರೂವರೆ ಅಶ್ವಶಕ್ತಿಯ ಎಂಜಿನ್ನು ಕೊಡುವ ಶಕ್ತಿಯನ್ನು ಸರಪಣಿಯ ವೇಗದಿಂದ ಭಾಗಿಸಿದರೆ ಸರಪಣಿಯನ್ನು ಎಳೆಯುವ ಬಲ ಬರುತ್ತದೆ. ೦.೩೨೫ರಲ್ಲಿ ಅದು ಸುಮಾರು ಹದಿಮೂರೂವರೆ ಕಿಲೋಗ್ರಾಮಿನ ಭಾರಕ್ಕೆ ಸಮ. ೩/೮ರಲ್ಲಿ ೧೨ಕ್ಕೂ ತುಸು ಕಡಿಮೆ. ಅಷ್ಟೊಂದು ಅಬ್ಬರಿಸುವ ಯಂತ್ರದ ಎಳೆತ ಒಂದು ಕೊಡ ನೀರಿನ ಭಾರಕ್ಕಿಂತ ಹೆಚ್ಚೇನೂ ಇಲ್ಲವೆಂದರೆ ಆಶ್ಚರ್ಯವಾಗುತ್ತದೆ.

ಈ ಬಲವನ್ನು ಮರದೊಳಗಿರುವ ಹಲ್ಲುಗಳೆಲ್ಲ ಹಂಚಿಕೊಳ್ಳಬೇಕು. ೦.೩೨೫ ಪಿಚ್ಚಿನಲ್ಲಿ ಹಲ್ಲಿನಿಂದ ಹಲ್ಲಿಗೆ ೧.೩ ಅಂಗುಲ. ಒಂದಡಿ ದಪ್ಪದ ತೆಂಗನ್ನು ಕೊಯ್ಯುವಾಗ ಒಂಬತ್ತು ಹಲ್ಲುಗಳು ಮರದಲ್ಲಿರುತ್ತವೆ; ಹಲ್ಲೊಂದಕ್ಕೆ ಒಂದೂವರೆ ಕಿಲೋಗ್ರಾಮಿನ ಬಲ. ೧೮ ಅಂಗುಲದ ಹುಣಿಸೆಯಲ್ಲಿ ಬಾರ್ ಪೂರ್ತಿ ಮುಳುಗಿದರೆ ಹಲ್ಲುಗಳು ಹದಿನಾಲ್ಕು. ಪಾಲು ಒಂದು ಕಿಲೋಗ್ರಾಮಿಗೂ ಕಡಿಮೆ. ಹೀಗಿರುವಲ್ಲಿ ಎಂಜಿನ್ನು ಚಿಕ್ಕದಾಗಿದ್ದು ಹಲ್ಲು ದೊಡ್ಡದಾದರೆ ಅದು ಮರವನ್ನು ಕಚ್ಚಲಾರದೆ ನಿಂತುಬಿಡುತ್ತದೆ. ೩/೮ ಪಿಚ್ಚಿನ ಲಾಭ ದೊರೆಯಬೇಕಾದರೆ ಎಂಜಿನ್ನು ಮಧ್ಯಮ ವರ್ಗದ ಮೇಲಿನ ತುದಿಯಲ್ಲಿರಬೇಕು, ೫೫ ಸಿ.ಸಿ.ಗಿಂತ ಕೆಳಗಿನ ಯಂತ್ರಗಳಿಗೆ ೦.೩೨೫ ಹೆಚ್ಚು ಹೊಂದುತ್ತದೆ. ಅದರಲ್ಲಿಯೂ ೧.೩ ಮಿಲಿಮೀಟರು ಗೇಜಿನ, ಕಿರಿದಾಗಿ ಕೊಯ್ಯುವ ಸರಪಣಿಗಳಿವೆ. ಮರದಲ್ಲಿ ಬೀಳುವ ಸಂದು ಕಿರಿದಾದಷ್ಟೂ ಹುಡಿಮಾಡಬೇಕಾದ ಮರ ಕಡಿಮೆ, ಎಂಜಿನ್ನಿನ ಹೊರೆಯೂ ಕಡಿಮೆ.

ನಮ್ಮ ಮರ, ನಮ್ಮ ಮಣ್ಣು

ಇಲ್ಲಿಯವರೆಗಿನ ವಿಚಾರ ಎಲ್ಲ ದೇಶಗಳಿಗೂ ಒಂದೇ. ಆದರೆ ಸರಪಣಿಯ ಹಲ್ಲನ್ನು ಆರಿಸುವಾಗ ಊರು ಯಾವುದೆಂಬುದು ಮುಖ್ಯವಾಗುತ್ತದೆ.

ಹಲ್ಲಿನಲ್ಲಿ ಎರಡು ಪ್ರಧಾನ ಜಾತಿಗಳು. ಒಂದರ ಹೊರಮೂಲೆ ಉಳಿಯಂತೆ ಚೂಪಾಗಿ ಚೌಕವಾಗಿರುತ್ತದೆ; ಇದಕ್ಕೆ ಫುಲ್ ಚಿಸೆಲ್ ಎಂದು ಹೆಸರು. ಇನ್ನೊಂದರ ಮೂಲೆ ತುಸು ದುಂಡಾಗಿರುತ್ತದೆ. ಇದು ಸೆಮಿ ಚಿಸೆಲ್. ಹಸಿಯಾದ, ಮೆತ್ತನೆಯ, ಶುಭ್ರವಾದ ಮರದಲ್ಲಿ ಚೌಕಮೂಲೆಯ ಹಲ್ಲು ಬೇಗ ಕೊಯ್ಯುತ್ತದೆ. ಶೀತದೇಶಗಳ ಪೈನ್ ಕಾಡುಗಳಲ್ಲಿ ಅದಕ್ಕೆ ಮನ್ನಣೆ. ಆದರೆ ಅದರ ಕೆಲಸವೆಲ್ಲ ಆ ಒಂದು ಚೂಪು ಮೂಲೆಯಲ್ಲಿದೆ. ಮೂಲೆ ಮುರಿದರೆ ಹಲ್ಲು ಸತ್ತಂತೆ. ದುಂಡುಮೂಲೆಯ ಹಲ್ಲು ತುಸು ನಿಧಾನ. ಆದರೆ ಸವೆತವನ್ನು ತಾಳಿಕೊಳ್ಳುತ್ತದೆ.

ಚಿತ್ರದುರ್ಗದ ನೆಲದಲ್ಲಿ ಸವೆಸುವ ವಸ್ತುವಿಗೆ ಬರವಿಲ್ಲ. ಕೋಟೆಯ ಬೆಟ್ಟಗಳು ಗ್ರಾನೈಟಿನವು. ಆ ಕಲ್ಲು ಶಿಥಿಲವಾಗಿ ಪುಡಿಯಾದಾಗ ಉಳಿಯುವ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳು ತುಂಬಿರುತ್ತವೆ. ಖನಿಜಗಳ ಕಾಠಿಣ್ಯವನ್ನು ಹತ್ತು ಮೆಟ್ಟಿಲುಗಳಲ್ಲಿ ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಸ್ಥಾನ ಏಳು. ಚಾಕುವಿನಿಂದ ಬೆಣಚುಕಲ್ಲನ್ನು ಗೀಚಿ ನೋಡಿ. ಸವೆಯುವುದು ಚಾಕು, ಕಲ್ಲಲ್ಲ. ಸರಪಣಿಯ ಹಲ್ಲಿನ ಹೊರಮೈಗೆ ಕ್ರೋಮಿಯಮ್ ಲೋಹದ ತೆಳುವಾದ ಲೇಪವಿರುತ್ತದೆ. ಅದು ಕಾಗದದಷ್ಟೂ ದಪ್ಪವಿಲ್ಲ. ಅದರ ಕೆಳಗಿನ ಉಕ್ಕು ಬೆಣಚಿನ ಮುಂದೆ ಸೋಲುತ್ತದೆ. ಬೇಸಗೆಯ ಗಾಳಿಯಲ್ಲಿ ಹಾರುವ ಕೆಮ್ಮಣ್ಣಿನ ಧೂಳು ವರ್ಷಗಟ್ಟಲೆ ಮರದ ತೊಗಟೆಯ ಸೀಳುಗಳಲ್ಲಿ ಕೂತಿರುತ್ತದೆ. ಸೆಕೆಂಡಿಗೆ ಹತ್ತೊಂಬತ್ತು ಮೀಟರು ವೇಗದಲ್ಲಿ ಹಲ್ಲು ಅದಕ್ಕೆ ತಗಲಿದರೆ ಏನಾದೀತೆಂದು ಊಹಿಸಿಕೊಳ್ಳಬಹುದು.

ಇನ್ನು ಮರಗಳನ್ನು ನೋಡೋಣ. ತೆಂಗು ನಿಜವಾಗಿ ಮರವೆಂಬುದಕ್ಕಿಂತ ಹುಲ್ಲಿಗೆ ಹತ್ತಿರದ ನಂಟ. ಅದರ ಕಾಂಡದಲ್ಲಿ ಕೆಚ್ಚಿಲ್ಲ, ವರ್ಷವರ್ಷದ ಉಂಗುರಗಳಿಲ್ಲ. ನೀರು ಸಾಗಿಸುವ ನಾರಿನ ಕಟ್ಟುಗಳು ಕಾಂಡದ ತುಂಬ ಚದುರಿಕೊಂಡಿವೆ. ಹೊರಗಡೆ ಅವು ಒತ್ತಾಗಿಯೂ ನಡುವೆ ವಿರಳವಾಗಿಯೂ ಇರುವುದರಿಂದ ಬುಡದ ಹೊರಭಾಗದ ಸಾಂದ್ರತೆ ಘನಮೀಟರಿಗೆ ೬೦೦ ಕಿಲೋಗ್ರಾಮನ್ನು ಮೀರಿದರೆ, ಒಳತಿರುಳಿನದು ೪೦೦ಕ್ಕೂ ಕಡಿಮೆ. ಸಾಲದುದಕ್ಕೆ ಆ ನಾರುಗಳ ಪಕ್ಕದಲ್ಲಿ ಸಿಲಿಕಾ ಕಣಗಳು ಹರಡಿಕೊಂಡಿರುತ್ತವೆ. ಮರಳಿನ ದ್ರವ್ಯವೇ ಮರದೊಳಗೆ ಕೂತಿದೆಯೆಂದಂತಾಯಿತು. ಒಣಗಿದ ತೆಂಗನ್ನು ಕೊಯ್ದವರಿಗೆ ಸರಪಣಿ ಏಕೆ ಅಷ್ಟು ಬೇಗ ಮೊಂಡಾಯಿತೆಂಬುದಕ್ಕೆ ಉತ್ತರ ಇಲ್ಲಿದೆ.

ಹುಣಿಸೆಯ ಕಥೆ ಬೇರೆ. ಹೊರಗಿನ ಬಿಳಿಯ ಮರದೊಳಗೆ ಕಂದುಗೆಂಪಿನ ಕೆಚ್ಚು. ಗಾಣಕ್ಕೂ ಒನಕೆಗೂ ಹಿರಿಯರು ಆರಿಸಿದುದು ಆ ಕಾಠಿಣ್ಯವನ್ನು ಅರಿತೇ. ಕೆರೆಯಂಗಳಗಳನ್ನೂ ಬೀಳುಭೂಮಿಯನ್ನೂ ಆವರಿಸಿರುವ ಬಳ್ಳಾರಿ ಜಾಲಿಯೂ ಗಟ್ಟಿಮರವೇ. ಅದರ ಇದ್ದಿಲು ಹೆಸರಾದುದು ಅದಕ್ಕಾಗಿಯೇ. ಅದರ ಕಾಂಡಗಳು ನೆಲದಿಂದಲೇ ಹಲವಾಗಿ ಕವಲೊಡೆದು ಮುಳ್ಳಿನ ಪೊದೆಯಾಗಿ ಹೆಣೆದುಕೊಳ್ಳುತ್ತವೆ. ಬುಡ ಕೊಯ್ಯಬೇಕಾದರೆ ಬಾರ್‌ನ ಮೂತಿ ಮಣ್ಣಿಗೆ ಒಂದಂಗುಲದಲ್ಲಿರುತ್ತದೆ. ಬೇಲಿಯ ಸಾಲಿನಲ್ಲಾದರೆ ಮುಳ್ಳುತಂತಿಯನ್ನು ಮರವೇ ನುಂಗಿಕೊಂಡಿರುವುದೂ ಉಂಟು.

ಇವೆಲ್ಲವನ್ನೂ ಒಟ್ಟುಗೂಡಿಸಿ ನೋಡಿದರೆ ನಿರ್ಣಯ ಸುಲಭವಾಗುತ್ತದೆ. ಒಣಮರ, ಗಟ್ಟಿಮರ, ಧೂಳಿನ ಮರ, ಸಿಲಿಕಾ ಇರುವ ಮರ: ನಾಲ್ಕಕ್ಕೂ ದುಂಡುಮೂಲೆಯ ಹಲ್ಲೇ ತಕ್ಕದ್ದು. ಟಂಗ್‌ಸ್ಟನ್ ಕಾರ್ಬೈಡಿನ ತುದಿಯುಳ್ಳ ಸರಪಣಿಗಳೂ ಪೇಟೆಯಲ್ಲುಂಟು. ಅವು ಮರಳನ್ನು ಇನ್ನೂ ಚೆನ್ನಾಗಿ ತಾಳುತ್ತವೆ. ಆದರೆ ಬೆಲೆ ಬಹಳ. ಮಸೆಯಲು ವಜ್ರದ ಚಕ್ರ ಬೇಕು. ತೋಟದ ಬದುವಿನ ಮೇಲೆ ಕೂತು ಅರದಿಂದ ಉಜ್ಜಿಕೊಳ್ಳುವ ಅನುಕೂಲ ಅದರಲ್ಲಿಲ್ಲ.

ಬಾರ್ ಎಷ್ಟು ಉದ್ದವಿರಬೇಕು?

ಉದ್ದನೆಯ ಬಾರ್ ಅಂಗಡಿಯಲ್ಲಿ ಕಣ್ಣಿಗೆ ಚೆಂದ. ಆದರೆ ಉದ್ದ ಹೆಚ್ಚಿದಂತೆ ಎಳೆಯಬೇಕಾದ ಸರಪಣಿ ಹೆಚ್ಚು, ಗಾಡಿಯೊಳಗಿನ ಘರ್ಷಣೆ ಹೆಚ್ಚು, ಕುಡಿಯುವ ಎಣ್ಣೆ ಹೆಚ್ಚು. ಮೂತಿಯ ಕಡೆ ಭಾರ ವಾಲಿ ಮಣಿಕಟ್ಟು ಸೋಲುತ್ತದೆ. ಮರದ ದಪ್ಪಕ್ಕಿಂತ ಎರಡಂಗುಲ ಉದ್ದವಿದ್ದರೆ ಒಂದೇ ಬದಿಯಿಂದ ಕೊಯ್ಯಲು ಸಾಕು. ಪಳಗಿದ ಕೈಯವರು ಎರಡು ಬದಿಗಳಿಂದಲೂ ಕೊಯ್ದು ಬಾರ್‌ನ ಉದ್ದಕ್ಕಿಂತ ದಪ್ಪನೆಯ ಮರವನ್ನೂ ಉರುಳಿಸಬಲ್ಲರು. ತೆಂಗಿನ ಕಾಂಡ ಸಾಮಾನ್ಯವಾಗಿ ಒಂದಡಿಯ ಆಸುಪಾಸಿನದು; ಬುಡದ ಗೆಡ್ಡೆಯ ಭಾಗ ಮಾತ್ರ ಹೆಚ್ಚು ದಪ್ಪ. ಅಡಿಕೆಯದು ಅದರ ಅರ್ಧ. ಹೀಗಿರುವಾಗ ತೋಟದ ಕೆಲಸಕ್ಕೆ ೧೬ ಅಂಗುಲದ ಬಾರ್ ಮೀರಿ ಹೋಗುವ ಅಗತ್ಯ ಅಪರೂಪ.

ಉದ್ದದ ಪ್ರಶ್ನೆಗೆ ಪ್ರಾಣದ ಪ್ರಶ್ನೆಯೂ ಸೇರಿಕೊಂಡಿದೆ. ಸರಪಣಿಯು ಮೂತಿಯ ಮೇಲ್ಭಾಗವನ್ನು ಸುತ್ತುವಾಗ ಕೊಂಡಿಗಳು ಬಾಗುತ್ತವೆ. ಮಿತಿಗೂಟವು ತುಸು ಸರಿದು ಹಲ್ಲು ಹೆಚ್ಚಾಗಿ ಹೊರಚಾಚುತ್ತದೆ. ಆ ಸ್ಥಳದಲ್ಲಿ ಯಾವುದಾದರೂ ಕೊಂಬೆಯೋ ಪಕ್ಕದ ದಿಮ್ಮಿಯೋ ತಗಲಿದರೆ ಹಲ್ಲು ಅಳತೆಮೀರಿ ಕಚ್ಚಿ ಸಿಕ್ಕಿಕೊಳ್ಳುತ್ತದೆ. ಸರಪಣಿಗೆ ಮುಂದೆ ಹೋಗಲು ದಾರಿಯಿಲ್ಲ. ಎಂಜಿನ್ನಿನ ಶಕ್ತಿ ಬಾರ್‌ನ್ನೇ ಮೇಲಕ್ಕೂ ಹಿಂದಕ್ಕೂ ಒಗೆಯುತ್ತದೆ. ಹಿಡಿದವನ ಮುಖ, ಕುತ್ತಿಗೆ, ಹೆಗಲುಗಳು ಅದರ ದಾರಿಯಲ್ಲಿರುತ್ತವೆ. ಇದೆಲ್ಲ ನಡೆಯುವುದು ಮನುಷ್ಯ ಎಚ್ಚೆತ್ತುಕೊಳ್ಳುವುದಕ್ಕೆ ಮುಂಚೆ. ಎಡಗೈ ಹಿಡಿಕೆಯ ಮುಂದಿರುವ ತಡೆ ಸರಪಣಿಯ ಬ್ರೇಕನ್ನು ಒತ್ತಿ ನಿಲ್ಲಿಸುವಂತೆ ಮಾಡಿರುವುದು ಇದಕ್ಕಾಗಿಯೇ. ಅದನ್ನು ಕಳಚಿ ಕೆಲಸಮಾಡುವುದು ಆತ್ಮಘಾತ.

ಬಾರ್ ಬೇಕಾದುದಕ್ಕಿಂತ ಉದ್ದವಾದರೆ ಅದರ ಮೂತಿ ಮರದ ಆಚೆ, ಕೊಯ್ಯುವವನ ಕಣ್ಣಿಗೆ ಕಾಣದ ಕಡೆ ಚಾಚಿಕೊಂಡಿರುತ್ತದೆ. ಜಾಲಿಯ ಪೊದೆಯಲ್ಲಿ ಇದಕ್ಕಿಂತ ಅಪಾಯದ ಸ್ಥಿತಿ ಬೇರೊಂದಿಲ್ಲ. ಮೂತಿ ಅಗಲವಾದ ಬಾರ್‌ಗಿಂತ ಕಿರಿದಾದುದರಲ್ಲಿ ಈ ಒದೆತ ಕಡಿಮೆ. ಒದೆತವನ್ನು ತಗ್ಗಿಸುವಂತೆ ಮಿತಿಗೂಟದ ಪಕ್ಕದಲ್ಲಿ ಇಳಿಜಾರು ಕಟ್ಟಿದ ಸರಪಣಿಗಳೂ ದೊರೆಯುತ್ತವೆ. ಹೊಸಬರಿಗೆ ಅಂಥವನ್ನೇ ಕೊಡಬೇಕು.

ಮರಕ್ಕೆ ತಕ್ಕ ಜೋಡಿ

ಇನ್ನು ಒಟ್ಟಾರೆ ಆಯ್ಕೆಯನ್ನು ಹೇಳಬಹುದು. ಹಿರಿಯೂರು ಹೊಸದುರ್ಗಗಳ ತೆಂಗಿನ ತೋಟಕ್ಕೆ ೪೫–೫೦ ಸಿ.ಸಿ. ಯಂತ್ರ, ೧೬ ಅಂಗುಲದ ಬಾರ್, ೦.೩೨೫ ಪಿಚ್ಚಿನ ದುಂಡುಮೂಲೆಯ ಸರಪಣಿ, ಗೇಜು ೧.೩ ಅಥವಾ ೧.೫, ಬಾರ್‌ನ ಗಾಡಿ ಎಷ್ಟಿದೆಯೋ ಅಷ್ಟು. ಹೊಳಲ್ಕೆರೆಯ ಅಡಿಕೆಗೆ ಇದೇ ಯಂತ್ರ ಧಾರಾಳವಾಗಿ ಸಾಕು.

ಬಳ್ಳಾರಿ ಜಾಲಿಗೂ ಸರಪಣಿ ಇದೇ. ಬಾರ್ ಮಾತ್ರ ೧೪–೧೬ ಅಂಗುಲ ಮೀರಬಾರದು. ಮೂತಿಯಲ್ಲಿ ಗಾಲಿಯಿಲ್ಲದೆ, ಗಟ್ಟಿ ಮಿಶ್ರಲೋಹದ ಅಂಚು ಬೆಸೆದ ಬಾರ್‌ಗಳುಂಟು. ಗಾಲಿಯ ಸಣ್ಣ ಬೇರಿಂಗಿಗೆ ಮಣ್ಣು ಸೇರಿ ಹಾಳಾಗುವ ಸ್ಥಳಗಳಲ್ಲಿ ಅವು ಹೆಚ್ಚು ಬಾಳುತ್ತವೆ. ಘರ್ಷಣೆ ಮಾತ್ರ ತುಸು ಹೆಚ್ಚು.

ರಸ್ತೆಬದಿಯ ಹುಣಿಸೆಯೋ ಗಾಳಿಗೆ ಉರುಳಿದ ಹೊಲದ ಬೇವೋ ಆದರೆ, ೫೫–೬೦ ಸಿ.ಸಿ. ಯಂತ್ರವಿದ್ದಲ್ಲಿ ೧೮ ಅಂಗುಲದ ಬಾರ್, ೩/೮ ಪಿಚ್ಚು, ೧.೫ ಮಿಲಿಮೀಟರಿನ ಗೇಜು. ಹಲ್ಲು ಮಾತ್ರ ದುಂಡುಮೂಲೆಯದೇ. ಯಂತ್ರ ಚಿಕ್ಕದಿದ್ದರೆ ೦.೩೨೫ರಲ್ಲಿಯೇ ಉಳಿದು, ಎರಡು ಬದಿಗಳಿಂದ ನಿಧಾನವಾಗಿ ಕೊಯ್ಯುವುದು ಮೇಲು. ಮೂರು ನಾಲ್ಕು ಅಡಿ ದಪ್ಪದ ಹಳೆಯ ಹುಣಿಸೆ ಮಧ್ಯಮ ಯಂತ್ರದ ಕೆಲಸವೇ ಅಲ್ಲ. ಅದಕ್ಕೆ ದೊಡ್ಡ ಯಂತ್ರವನ್ನೂ ಅನುಭವಸ್ಥರನ್ನೂ ಕರೆಯಬೇಕು. ಇಂಥ ಮರಗಳನ್ನು ಕೊಯ್ಯುವ ಮುನ್ನ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾನೂನಿನಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದನ್ನು ಮರೆಯಬಾರದು.

ಅರ ಹಿಡಿಯುವ ಕೈ

ಆಯ್ಕೆ ಎಷ್ಟೇ ಸರಿಯಾಗಿದ್ದರೂ ಹಲ್ಲು ಮೊಂಡಾಗುವುದನ್ನು ತಪ್ಪಿಸಲಾಗದು. ಅದು ಮೊಂಡಾದುದನ್ನು ತಿಳಿಯುವುದು ಹೇಗೆ? ಕೆಳಗೆ ಬೀಳುವ ಹೊಟ್ಟನ್ನು ಕೈಗೆತ್ತಿಕೊಳ್ಳಿ. ಅವಲಕ್ಕಿಯಂಥ ಚಕ್ಕೆಗಳಾಗಿದ್ದರೆ ಹಲ್ಲು ಕೊಯ್ಯುತ್ತಿದೆ. ರಾಗಿಹಿಟ್ಟಿನಂತೆ ನುಣ್ಣಗಿದ್ದರೆ ಅರೆಯುತ್ತಿದೆ. ಯಂತ್ರ ತನ್ನ ಭಾರದಿಂದಲೇ ಮರದೊಳಗೆ ಇಳಿಯಬೇಕು. ಒತ್ತಬೇಕಾಗಿ ಬಂದಿತೆಂದರೆ ನಿಲ್ಲಿಸುವ ಹೊತ್ತು ಬಂದಿತೆಂದೇ ಅರ್ಥ. ಒತ್ತುವವನ ಮೈಭಾರ ಯಂತ್ರದ ಮೇಲಿರುತ್ತದೆ. ಕೊಯ್ತ ಥಟ್ಟನೆ ಮುಗಿದಾಗ ಯಂತ್ರ ಕಾಲಿನ ಕಡೆಗೆ ನುಗ್ಗುತ್ತದೆ. ಲುಂಗಿ ಕಟ್ಟಿ ಹವಾಯಿ ಚಪ್ಪಲಿ ಮೆಟ್ಟಿ ನಿಂತವನ ಕಾಲಿಗೆ ಆಗ ರಕ್ಷಣೆ ಯಾವುದು?

೦.೩೨೫ ಪಿಚ್ಚಿಗೆ ೪.೮ ಮಿಲಿಮೀಟರಿನ ಗುಂಡು ಅರ. ೩/೮ಕ್ಕೆ ತಯಾರಕರು ಹೇಳಿದಂತೆ ೫.೨ ಅಥವಾ ೫.೫. ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ ೩೦ ಡಿಗ್ರಿ ಓರೆಯಲ್ಲಿ, ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ಉಜ್ಜಬೇಕು. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಕೊಯ್ತ ಆ ಕಡೆಗಲ್ಲದೆ ಉದ್ದ ಹಲ್ಲಿರುವ ಕಡೆಗೆ ವಾಲುತ್ತದೆ. ಹಲ್ಲು ಸವೆದಂತೆ ಮಿತಿಗೂಟವನ್ನೂ ಚಪ್ಪಟೆ ಅರದಿಂದ ಅಳತೆಪಟ್ಟಿ ಇಟ್ಟು ತಗ್ಗಿಸಬೇಕು. ಬೇಗ ಕೊಯ್ಯಲೆಂದು ಅದನ್ನು ಹೆಚ್ಚಾಗಿ ತಗ್ಗಿಸಿದರೆ ಹಲ್ಲು ಅಳತೆಮೀರಿ ಕಚ್ಚಿ, ಮೇಲೆ ಹೇಳಿದ ಒದೆತಕ್ಕೆ ನಾವೇ ಆಹ್ವಾನವಿತ್ತಂತಾಗುತ್ತದೆ.

ಕೊಯ್ಯುವ ಜಾಗದ ತೊಗಟೆಯನ್ನು ಮೊದಲು ಕೊಡಲಿಯಿಂದ ಕೆತ್ತಿ ತೆಗೆದರೆ ಧೂಳಿನ ಬಾಧೆ ಬಹುಮಟ್ಟಿಗೆ ತಪ್ಪುತ್ತದ್ದೆ. ಬಾರ್‌ಗೆ ಹಾಕುವ ಎಣ್ಣೆ ಶುದ್ಧವಾಗಿರಲಿ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯಲ್ಲಿ ಲೋಹದ ಪುಡಿಯಿರುತ್ತದೆ, ಅದು ಗಾಡಿಯನ್ನು ಸವೆಸುತ್ತದೆ. ಬಾರ್‌ನ್ನು ಆಗಾಗ ಮೇಲುಕೆಳಗು ತಿರುಗಿಸಿ ಹಾಕಿದರೆ ಎರಡಂಚುಗಳೂ ಸಮವಾಗಿ ಸವೆಯುತ್ತವೆ. ಬಿಸಿಯಾದ ಸರಪಣಿ ಹಿಗ್ಗುವುದರಿಂದ ಕೆಲಸದ ನಡುವೆ ಬಿಗಿಮಾಡಿದವರು ಮುಗಿದ ಮೇಲೆ ಸಡಿಲಿಸಬೇಕು. ೬೦ ಡಿಗ್ರಿಗಳಷ್ಟು ಬಿಸಿಯೇರಿದರೆ ೧೮ ಅಂಗುಲದ ಬಾರ್‌ನ ಸರಪಣಿ ಸುಮಾರು ೦.೮೫ ಮಿಲಿಮೀಟರು ಉದ್ದವಾಗುತ್ತದೆ. ರಾತ್ರಿ ತಣ್ಣಗಾದಾಗ ಅಷ್ಟೂ ಕುಗ್ಗಿ ಬಾರ್‌ನ್ನೂ ಎಂಜಿನ್ನಿನ ದಂಡವನ್ನೂ ಜಗ್ಗುತ್ತದೆ.

ಒಣಗಿದ ತೆಂಗಿನ ಮುಂದೆ ನಿಂತ ರೈತನಿಗೆ ಆ ಮರ ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆ. ಅದನ್ನು ಕೊಯ್ಯುವ ದಿನ ಸಂತೋಷದ ದಿನವಲ್ಲ. ಆದರೂ ಕೊಯ್ದ ದಿಮ್ಮಿ ಜಂತಿಯಾದೀತು, ತೊಲೆಯಾದೀತು. ತೆರವಾದ ಗುಣಿಯಲ್ಲಿ ಮಳೆ ಬಂದ ವರ್ಷ ಮತ್ತೊಂದು ಸಸಿ ನಿಂತೀತು. ಅದಕ್ಕೆ ನೀರೆರೆಯಲು ಯಂತ್ರ ಹಿಡಿದವನು ಸಂಜೆ ಮನೆಗೆ ಕ್ಷೇಮವಾಗಿ ಮರಳಬೇಕು. ಬೆಳಗ್ಗೆ ಯಂತ್ರವನ್ನು ಚಾಲೂ ಮಾಡುವ ಮೊದಲು ಹತ್ತು ನಿಮಿಷ ಬದುವಿನ ಮೇಲೆ ಕೂತು, ಕೊಂಡಿಗಳನ್ನು ನೋಡಿ, ಹಲ್ಲುಗಳಿಗೆ ಅರ ಆಡಿಸಿಕೊಂಡರೆ ಆ ಹತ್ತು ನಿಮಿಷ ನಷ್ಟವಲ್ಲ.